ಗೋಡೆ ಏರಿದ ಬಣ್ಣದ ಬಿಲ್ಲೆ

ಪಾಯ, ಕಂಬ, ತಾರಸಿಗಳ ಗಡಿಬಿಡಿ ಮುಗಿದ ಮೇಲೆ ಮನೆ ಕಟ್ಟಿಸುವವರಿಗೆ ಟೈಲ್ಸ್ ಆರಿಸುವ ದಿನ ಬರುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ ಎರಡಡಿ, ಬಚ್ಚಲಿನಲ್ಲಿ ಬಾಗಿಲೆತ್ತರ, ದೇವರಮನೆಗೆ ಒಂದು ಲಕ್ಷ್ಮಿಯೋ ವೆಂಕಟರಮಣನೋ. ಅಂಗಡಿಯ ಹುಡುಗ ಒಂದೊಂದೇ ಫಲಕ ಎಳೆದು ತೋರಿಸುತ್ತಾನೆ: ಮೊರಾಕನ್, ಮಾರ್ಬಲ್, ಮರದ ಗೆರೆ, ನಡುವೆ ಕೂರಿಸುವ ಚಿತ್ರದ ಹೈಲೈಟರ್. ಚದರಡಿಗೆ ಎಷ್ಟು, ಬಾಕ್ಸಿಗೆ ಎಷ್ಟು, ಕಲೆ ಹಿಡಿಯುತ್ತದೆಯೇ ಎಂಬ ಮಾತಿನಲ್ಲೇ ಸಂಜೆಯಾಗುತ್ತದೆ. ಈ ಬಣ್ಣದ ಬಿಲ್ಲೆ ನಮ್ಮ ಗೋಡೆ ಏರಿದ ದಾರಿಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ದಾರಿಯಲ್ಲಿ ಕರ್ನಾಟಕದ ಒಂದು ಊರು ಬಹಳ ಹಿಂದೆಯೇ ಇದೆ.

ಬೀದರಿನ ಮಹಮೂದ್ ಗವಾನ್ ಮದರಸಾ ಮುಗಿದದ್ದು 1472ರಲ್ಲಿ. ಇರಾನಿನ ಗೀಲಾನ್ ಪ್ರಾಂತ್ಯದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್, ಮೂರಂತಸ್ತಿನ ಈ ವಿದ್ಯಾಲಯಕ್ಕೆ ತನ್ನ ತವರಿನ ಮುಖವನ್ನೇ ಕೊಟ್ಟ. ಮುಂಗೋಡೆಯ ತುಂಬ ಮೆರುಗಿನ ಬಿಲ್ಲೆಗಳು: ಗಾಢ ನೀಲಿ, ಹಸಿರುನೀಲಿ, ಬಿಳಿ, ಹಳದಿ. ಮೇಲಂಚಿನಲ್ಲಿ ನೀಲಿಯ ಮೇಲೆ ಬಿಳಿ ಅಕ್ಷರಗಳ ಪಟ್ಟಿ. 1696ರಲ್ಲಿ ಮದ್ದುಗುಂಡು ಸಿಡಿದು ಕಟ್ಟಡದ ಮುಂಭಾಗದ ಒಂದು ಪಾಲು ಹಾರಿಹೋಯಿತು. ಎರಡರಲ್ಲಿ ಒಂದು ಮಿನಾರು ಉಳಿಯಿತು. ಅದರ ಮೈಮೇಲೆ ಅಡ್ಡಡ್ಡಲಾಗಿ ಓಡುವ ಅಂಕುಡೊಂಕು ಪಟ್ಟಿಗಳಲ್ಲಿ ಆ ಬಣ್ಣ ಇವತ್ತಿಗೂ ಅಲ್ಲಲ್ಲಿ ಅಂಟಿಕೊಂಡಿದೆ. ಬಿಸಿಲು ಮಳೆಗೆ ಐದೂವರೆ ಶತಮಾನ ಮೈಯೊಡ್ಡಿ ನಿಂತ ಬಣ್ಣ ಅದು. ಅಲ್ಲಿಂದ ಕೋಟೆಯೊಳಕ್ಕೆ ಹೋದರೆ ರಂಗೀನ್ ಮಹಲ್. ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸದ ಜೊತೆಗೆ ಅಲ್ಲೂ ಟೈಲಿನ ಹೂಬಳ್ಳಿ. ಒಳಾಂಗಣ ವಿನ್ಯಾಸ ಎಂದು ನಾವು ಈಗ ಯಾವುದನ್ನು ಕರೆಯುತ್ತೇವೋ ಅದರ ನಮ್ಮ ನೆಲದ ಅತಿ ಸೊಗಸಾದ ಮಾದರಿಗಳಲ್ಲಿ ಇದೊಂದು ಎಂದು ನಾನು ನಂಬಿದ್ದೇನೆ.

ಈ ವಿದ್ಯೆಗೆ ಹೆಸರಾದ ಊರು ಇರಾನಿನ ಕಾಶಾನ್. ಅಲ್ಲಿನ ಕುಂಬಾರ ಮನೆತನದ ಅಬುಲ್ ಕಾಸಿಮ್ ಎಂಬಾತ 1301ರಲ್ಲಿ ತನ್ನವರ ಕಸುಬಿನ ಗುಟ್ಟುಗಳನ್ನು ಬರೆದಿಟ್ಟ. ಹತ್ತು ಪಾಲು ಬೆಣಚುಕಲ್ಲಿನ ಪುಡಿ, ಒಂದು ಪಾಲು ಗಾಜಿನ ಪುಡಿ, ಒಂದು ಪಾಲು ಬಿಳಿ ಜೇಡಿ. ಇದು ಆತ ಕೊಡುವ ಅಳತೆ. ಬಣ್ಣಗಳೆಲ್ಲ ಖನಿಜಗಳು. ಗಾಢ ನೀಲಿಗೆ ಕಾಶಾನಿನ ಪಕ್ಕದ ಕಮ್ಸರ್ ಬೆಟ್ಟದ ಕೋಬಾಲ್ಟ್, ಹಸಿರುನೀಲಿಗೆ ತಾಮ್ರ, ಹಾಲಿನಂಥ ಬಿಳಿಗೆ ತವರ. ಗಿಡಮೂಲಿಕೆಯ ಬಣ್ಣ ಭಟ್ಟಿಯ ಬೆಂಕಿಯಲ್ಲಿ ಸುಟ್ಟು ಬೂದಿಯಾಗುತ್ತದೆ. ಲೋಹದ ಬಣ್ಣ ಗಾಜಿನೊಳಗೆ ಕರಗಿ ಅಲ್ಲೇ ನೆಲೆಯಾಗುತ್ತದೆ; ಆದ್ದರಿಂದಲೇ ಬೀದರಿನ ಬಿಲ್ಲೆ ಮಾಸಿಲ್ಲ. ಈ ಕೋಬಾಲ್ಟನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಅದರ ಕೆಲಸವಿದೆ.

ಆದರೆ ಬೀದರಿನ ಬಿಲ್ಲೆ ಸುಲ್ತಾನರ, ಮಂತ್ರಿಗಳ ವೈಭವ. ಅದು ಜನಸಾಮಾನ್ಯರ ಬಚ್ಚಲಿಗೆ ಇಳಿಯಲು ಬೇರೆಯದೇ ಒಂದು ದೇಶದ ಎರಡು ಯಂತ್ರವಿದ್ಯೆಗಳು ಬೇಕಾದವು.

ಮೊದಲನೆಯದು ಚಿತ್ರ ಅಚ್ಚೊತ್ತುವುದು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬ ಮುದ್ರಕರು 1756ರ ಜುಲೈ 27ರಂದು ಬೇರೆ ಯಾರ ನೆರವೂ ಇಲ್ಲದೆ ಆರು ಗಂಟೆಯೊಳಗೆ 1,200ಕ್ಕೂ ಹೆಚ್ಚು ಟೈಲುಗಳ ಮೇಲೆ ಚಿತ್ರ ಮೂಡಿಸಿದರು; ಹಾಗೆಂದು ಪ್ರಮಾಣ ಮಾಡಿ ದಾಖಲೆಗೆ ಹೇಳಿಕೆ ಕೊಟ್ಟರು. ನೂರು ಮಂದಿ ನುರಿತ ಕಲಾವಿದರು ಅಷ್ಟು ಹೊತ್ತಿನಲ್ಲಿ ಮಾಡಲಾಗದ ಕೆಲಸ ಎಂಬುದು ಅವರ ವಾದ. ತಾಮ್ರದ ಫಲಕದಲ್ಲಿ ಕೊರೆದ ಚಿತ್ರವನ್ನು ತೆಳು ಕಾಗದಕ್ಕೆ ಇಳಿಸಿ, ಕಾಗದದಿಂದ ಬಿಲ್ಲೆಗೆ ಒತ್ತುವುದು ಇಂಥ ಮುದ್ರಣದ ಕ್ರಮ. ಎರಡನೆಯದು ಒಣಪುಡಿ ಒತ್ತುವುದು. ಹಸಿ ಜೇಡಿಯ ಬಿಲ್ಲೆ ಒಣಗುವಾಗ ಸೊಟ್ಟಗಾಗುತ್ತದೆ, ಒಂದರಂತೆ ಇನ್ನೊಂದು ಬರುವುದಿಲ್ಲ. 1840ರಲ್ಲಿ ರಿಚರ್ಡ್ ಪ್ರಾಸರ್ ಎಂಬಾತ ಹೆಚ್ಚುಕಡಿಮೆ ಒಣಗಿದ ಜೇಡಿಪುಡಿಯನ್ನು ಉಕ್ಕಿನ ಅಚ್ಚಿನಲ್ಲಿ ಬಲವಾಗಿ ಒತ್ತಿ ಗುಂಡಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಂಗಿಯ ಗುಂಡಿಗೆ ಹುಟ್ಟಿದ ಆ ಉಪಾಯದಲ್ಲಿ ಹರ್ಬರ್ಟ್ ಮಿಂಟನ್ ಎಂಬ ಪಿಂಗಾಣಿ ಉದ್ಯಮಿ ಟೈಲನ್ನು ಕಂಡ, ಪೇಟೆಂಟಿನಲ್ಲಿ ಪಾಲು ಕೊಂಡ. ಆರಂಗುಲದ ಚೌಕ, ಅಳತೆ ಪಕ್ಕಾ, ಬೆಲೆ ಅಗ್ಗ. ಕೆಲವೇ ದಶಕಗಳಲ್ಲಿ ಇಂಗ್ಲೆಂಡಿನ ಆಸ್ಪತ್ರೆ, ಹಾಲಿನಂಗಡಿ, ಬೆಂಕಿಗೂಡಿನ ಸುತ್ತಿನ ಗೋಡೆಗಳೆಲ್ಲ ಟೈಲಾದವು. ಒರೆಸಿದರೆ ಕೊಳೆ ಹೋಗುವ ಗೋಡೆ ಎಂಬುದು ರೋಗಕ್ಕೆ ಹೆದರಿದ್ದ ಆ ಶತಮಾನಕ್ಕೆ ದೊಡ್ಡ ಸಮಾಧಾನ. ಈಗ ಮಾಡ್ಯುಲರ್ ಕಿಚನ್‌ಗಳಲ್ಲಿ ಸಬ್‌ವೇ ಟೈಲ್ ಎಂದು ಮಾರುವ ಉದ್ದನೆಯ ಬಿಳಿ ಬಿಲ್ಲೆ 1904ರಲ್ಲಿ ಶುರುವಾದ ನ್ಯೂಯಾರ್ಕ್ ಸುರಂಗ ರೈಲಿನ ನಿಲ್ದಾಣಗಳ ಗೋಡೆಯದು.

ಇಲ್ಲಿಂದ ಕಥೆ ಜಪಾನಿಗೆ ಹೋಗುತ್ತದೆ. ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಇದೇ.

ಇಂಗ್ಲೆಂಡಿನ ಟೈಲುಗಳನ್ನು ನೋಡಿ ಕಲಿತ ಜಪಾನಿನ ಕುಂಬಾರರು 1908ರ ಹೊತ್ತಿಗೆ ಒಣಪುಡಿ ಒತ್ತುವ ವಿದ್ಯೆಯನ್ನು ಕೈವಶ ಮಾಡಿಕೊಂಡರು. ಅವಾಜಿ ದ್ವೀಪದ ಕಾರ್ಖಾನೆ ಮುಂದೆ ದಾಂತೊ ಎಂದು ಹೆಸರಾಯಿತು, ನಗೋಯಾದಲ್ಲೂ ಭಟ್ಟಿಗಳೆದ್ದವು. ಮೊದಲ ಮಹಾಯುದ್ಧದಲ್ಲಿ ಯುರೋಪಿನ ಸರಕು ಏಷ್ಯಾದ ಬಂದರುಗಳಿಗೆ ಬರುವುದು ಕುಗ್ಗಿದಾಗ ಜಪಾನಿನ ಟೈಲು ಆ ಜಾಗ ಹಿಡಿಯಿತು. ಮಜೋಲಿಕಾ ಎಂದು ಕರೆಯುವ ಈ ಬಿಲ್ಲೆಗಳಲ್ಲಿ ಚಿತ್ರದ ಗೆರೆಗಳು ಮೇಲೆದ್ದಿರುತ್ತವೆ. ಗುಲಾಬಿಯ ಎಸಳಿಗೆ ಕೆಂಪು, ಎಲೆಗೆ ಹಸಿರು, ಹಿನ್ನೆಲೆಗೆ ಕೆನೆಬಣ್ಣ ಎಂದು ಮೆರುಗಿನ ದ್ರವವನ್ನು ಕೈಯಿಂದಲೇ ತುಂಬುತ್ತಿದ್ದರು. ಗದ್ದೆಯ ಬದು ನೀರು ಹಿಡಿದ ಹಾಗೆ ಆ ಗೆರೆ ಬಣ್ಣವನ್ನು ಹಿಡಿದಿಡುತ್ತದೆ. ಭಟ್ಟಿಯಲ್ಲಿ ಕರಗಿದರೂ ಒಂದು ಬಣ್ಣ ಇನ್ನೊಂದರೊಳಗೆ ಹರಿಯುವುದಿಲ್ಲ. ತಗ್ಗಿನಲ್ಲಿ ಮೆರುಗು ದಪ್ಪವಾಗಿ ನಿಂತು ಗಾಢವಾಗುತ್ತದೆ, ಉಬ್ಬಿನಲ್ಲಿ ತೆಳುವಾಗಿ ಹೊಳೆಯುತ್ತದೆ. ಒಂದೇ ಬಣ್ಣಕ್ಕೆ ಬೆಳಕು ನೆರಳು ಬರುವುದು ಹೀಗೆ. ಈಗಿನ ಟೈಲುಗಳ ಮೇಲಿನ ಕಂಪ್ಯೂಟರಿನ ಚಿತ್ರಕ್ಕೆ ಈ ಆಳ ಇನ್ನೂ ಸಿಕ್ಕಿಲ್ಲ.

ಮುಖ್ಯವಾಗಿ ಆ ಕಾರ್ಖಾನೆಗಳು ನಮಗಾಗಿಯೇ ಅಚ್ಚು ಕೊರೆಸಿದವು. ಕಮಲದ ಮೇಲೆ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ, ಗಣಪತಿ, ಕೊಳಲಿನ ಕೃಷ್ಣ. 1894ರಲ್ಲಿ ಮುಂಬೈಯಲ್ಲಿ ರಾಜಾ ರವಿವರ್ಮ ಮುದ್ರಣಾಲಯ ಶುರುಮಾಡಿದ ಮೇಲೆ ಬಣ್ಣದ ದೇವರ ಪಟಗಳು ಮನೆಮನೆಗೆ ಬಂದಿದ್ದವಲ್ಲ, ಆ ಪಟಗಳ ನಿಲುವು, ಸೀರೆಯ ನಿರಿಗೆ, ಪ್ರಭಾವಳಿಗಳ ಗುರುತು ಈ ಟೈಲುಗಳಲ್ಲಿ ಕಾಣುತ್ತದೆ. ಭಾರತವನ್ನು ಕಾಣದ ಕೈಗಳು ಲಕ್ಷ್ಮಿಯ ಸೀರೆಗೆ ಬಣ್ಣ ತುಂಬಿದವು. ಅಷ್ಟು ಶ್ರದ್ಧೆಯಿಂದ ತುಂಬಿದವೆಂದರೆ ನಮ್ಮ ಹಿರಿಯರು ಅದನ್ನು ಬಾಗಿಲ ಮೇಲೆ ಕೂರಿಸಿ ಕುಂಕುಮ ಹಚ್ಚಿದರು. ಮುಂಬೈ, ಗುಜರಾತು, ಚೆಟ್ಟಿನಾಡಿನ ಶ್ರೀಮಂತ ಮನೆಗಳಲ್ಲಿ ಈ ಟೈಲುಗಳದೇ ದರ್ಬಾರು. ನಮ್ಮಲ್ಲೂ ಹಳೆಯ ಮನೆಗಳ ತುಳಸಿಕಟ್ಟೆ, ಜಗಲಿಯ ಗೋಡೆಗಳ ಹೂವಿನ ಬಿಲ್ಲೆ ಇದೇ ಕುಲದ್ದು. ಎರಡನೇ ಮಹಾಯುದ್ಧ ಆ ವ್ಯಾಪಾರವನ್ನು ನಿಲ್ಲಿಸಿತು.

ಸ್ವಾತಂತ್ರ್ಯದ ನಂತರದ ದಶಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 1958ರಲ್ಲಿ ಎಚ್ ಆ್ಯಂಡ್ ಆರ್ ಜಾನ್ಸನ್ ಎಂಬ ಟೈಲು ಕಂಪನಿ ಭಾರತಕ್ಕೆ ಬಂತು. ಬಿಳಿ, ತಿಳಿನೀಲಿ, ತಿಳಿಗುಲಾಬಿಯ ಚೌಕಗಳು ಬಚ್ಚಲಿನ ಸಮವಸ್ತ್ರವಾದವು. ಕರ್ನಾಟಕದಲ್ಲಿ ಉದ್ಯಮಿ ಆರ್.ಎನ್. ಶೆಟ್ಟಿಯವರು 1983ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟು ಮುರುಡೇಶ್ವರ ಸೆರಾಮಿಕ್ಸ್ ಕಟ್ಟಿದರು. ಅದರ ನವೀನ್ ಟೈಲ್ಸ್ ಹೆಸರು ನಮ್ಮ ಊರುಗಳ ಅಂಗಡಿ ಬೋರ್ಡುಗಳಲ್ಲಿ ಈಗಲೂ ಇದೆ.

ದೊಡ್ಡ ತಿರುವು ಬಂದದ್ದು ಸ್ಪೇನಿನಿಂದ. ಅದುವರೆಗೆ ಟೈಲಿನ ಮೇಲೆ ಚಿತ್ರ ಮೂಡಿಸಲು ಜಾಲರಿಯನ್ನೋ ಉರುಳೆಯನ್ನೋ ಮುಟ್ಟಿಸಿ ಒತ್ತಬೇಕಿತ್ತು. ಸುಡುವ ಮುಂಚಿನ ಬಿಲ್ಲೆ ಒತ್ತಡಕ್ಕೆ ಮುರಿಯುತ್ತಿತ್ತು, ಉಬ್ಬುತಗ್ಗಿದ್ದರೆ ಬಣ್ಣ ಹತ್ತುತ್ತಿರಲಿಲ್ಲ. ಟೈಲಿನ ಸೀಮೆಯಾದ ಕಾಸ್ತೆಯೋನ್‌ನಲ್ಲಿ ಕೆರಾಜೆಟ್ ಎಂಬ ಕಂಪನಿ 2000ದಲ್ಲಿ ಮುಟ್ಟದೆಯೇ ಬಣ್ಣ ಚಿಮ್ಮಿಸುವ ಇಂಕ್‌ಜೆಟ್ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಚಿತ್ರ ಈಗ ಒಂದು ಫೈಲು. ಬೆಳಿಗ್ಗೆ ಮೊರಾಕನ್, ಮಧ್ಯಾಹ್ನ ಇಟಲಿಯ ಅಮೃತಶಿಲೆ. ಆದರೆ ಶಾಯಿ ಮಾತ್ರ ಸಾವಿರ ಡಿಗ್ರಿ ಮೀರಿದ ಬೆಂಕಿಯನ್ನು ತಾಳಬೇಕು. ಹಾಗಾಗಿ ಅದು ಖನಿಜಗಳದೇ ಆಗಬೇಕಾಯಿತು: ಕಬ್ಬಿಣ, ಕ್ರೋಮಿಯಂನ ಕಂದು, ಪ್ರಾಸಿಯೋಡೈಮಿಯಂನ ಹಳದಿ, ಮತ್ತು ನೀಲಿಗೆ ಅದೇ ಕೋಬಾಲ್ಟ್. ಅಂಗಡಿಯ ಹುಡುಗ ಎಳೆದು ತೋರಿಸುವ ನೀಲಿ ಹೂವಿನ ಹೈಲೈಟರ್‌ನಲ್ಲೂ ಕಾಶಾನಿನ ಕುಂಬಾರರು ನೆಚ್ಚಿಕೊಂಡಿದ್ದ ಲೋಹವೇ ಇದೆ.

ಆ ಹೈಲೈಟರ್ ಬಹುಶಃ ಮೊರ್ಬಿಯದು. ಗುಜರಾತಿನ ಮಚ್ಚು ನದಿಯ ದಂಡೆಯ ಈ ಪಟ್ಟಣವನ್ನು 1979ರ ಆಗಸ್ಟ್ 11ರಂದು ಒಡೆದ ಅಣೆಕಟ್ಟೆ ಕೊಚ್ಚಿಹಾಕಿತ್ತು. ಅದೇ ಊರು ಎದ್ದುನಿಂತು ಇವತ್ತು ದೇಶದ ಬಹುಪಾಲು ಸೆರಾಮಿಕ್ ಟೈಲು ತಯಾರಿಸುತ್ತಿದೆ. ನಾಲ್ಕು ದಶಕದ ಹಿಂದೆ ಸಾಮಾನ್ಯ ಮನೆಗೆ ಎಟುಕದಿದ್ದ ಹೊಳೆಯುವ ಗೋಡೆ ಆಶ್ರಯ ಮನೆಯ ಬಚ್ಚಲಿಗೂ ಬಂದಿದ್ದರೆ ಅದರಲ್ಲಿ ಮೊರ್ಬಿಯ ಪಾಲು ದೊಡ್ಡದು. ಅದಕ್ಕೆ ತೆತ್ತ ಬೆಲೆಯೂ ಇದೆ. ಕಲ್ಲಿದ್ದಲನ್ನು ಅನಿಲವಾಗಿಸಿ ಭಟ್ಟಿ ಉರಿಸುತ್ತಿದ್ದ ಘಟಕಗಳು ಗಾಳಿ ನೀರು ಕೆಡಿಸಿದ್ದಕ್ಕೆ 2019ರ ಮಾರ್ಚಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅವುಗಳನ್ನು ಮುಚ್ಚಲು ಆದೇಶಿಸಬೇಕಾಯಿತು. ಬೆಣಚುಕಲ್ಲಿನ ದೂಳು ಕಾರ್ಮಿಕರ ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್ ಆಗುತ್ತದೆ; ಆ ಕಾಯಿಲೆಗೆ ಗುಣವಿಲ್ಲ, ತಡೆಯಬಹುದು ಅಷ್ಟೆ. ಅಗ್ಗದ ಟೈಲಿನ ಚರ್ಚೆಯಲ್ಲಿ ಈ ಮಾತು ಬರಲೇಬೇಕು.

ಬೇಕಾದ ಚಿತ್ರ ಮೂಡಿಸುವ ಇಷ್ಟೆಲ್ಲ ಶಕ್ತಿ ಕೈಗೆ ಬಂದ ಮೇಲೆ ನಾವು ಅದರಿಂದ ಮಾಡುತ್ತಿರುವುದೇನು? ಅಂಗಡಿಯ ಫಲಕಗಳಲ್ಲಿ ಅರ್ಧಕ್ಕರ್ಧ ಅಮೃತಶಿಲೆಯ ನಕಲು, ಉಳಿದುದರಲ್ಲಿ ಮರದ್ದು, ಸಿಮೆಂಟಿನದ್ದು. ನಕಲು ಸಿಕ್ಕಿಬೀಳಬಾರದೆಂದು ಒಂದು ವಿನ್ಯಾಸಕ್ಕೆ ಬೇರೆಬೇರೆ ಗೆರೆಗಳ ಹಲವು ಫೇಸುಗಳನ್ನು ಮುದ್ರಿಸುತ್ತಾರೆ. ಇದು ದೊಡ್ಡ ನಷ್ಟ. ಟೈಲು ಟೈಲಾಗಿಯೇ ಚೆಂದ. ಚೌಕದ ಪಕ್ಕ ಚೌಕ ಕೂತಾಗ ಹುಟ್ಟುವ ಲಯ, ಮೆರುಗಿನ ಆಳ, ಬಣ್ಣದ ಧೈರ್ಯ. ಬೀದರಿನ ಗೋಡೆ, ಜಪಾನಿನ ಗುಲಾಬಿ ಎರಡರಲ್ಲೂ ಇರುವುದು ಅದೇ. ದೇವರ ಟೈಲಿಗೂ ಒಳ್ಳೆಯ ಗತಿ ಬರಲಿಲ್ಲ. ಜಗಲಿಯಲ್ಲಿ ಪೂಜೆಗೊಂಡ ಲಕ್ಷ್ಮಿ ಈಗ ಕಾಂಪೌಂಡಿನ ಹೊರಗೋಡೆಯಲ್ಲಿ, ಮೆಟ್ಟಿಲ ಮೂಲೆಯಲ್ಲಿ, ಜನ ಉಗುಳದಿರಲಿ ಎಂದು ಕಾವಲು ನಿಂತಿದ್ದಾಳೆ. ನೋಡಿದಾಗಲೆಲ್ಲ ಮನಸ್ಸು ನೋಯುತ್ತದೆ.

ಬೇರೆಡೆ ಹಳೆಯ ಬಿಲ್ಲೆಯನ್ನು ಕಾಪಾಡಿಕೊಂಡವರಿದ್ದಾರೆ. ತೈವಾನಿನ ಚಿಯಾಯಿ ನಗರದಲ್ಲಿ, ಕೆಡವುತ್ತಿದ್ದ ಮನೆಗಳಿಂದ ಬಿಡಿಸಿ ತಂದ ಹಳೆಯ ಟೈಲುಗಳಿಗೆಂದೇ ಒಂದು ಮ್ಯೂಸಿಯಂ ಇದೆ. ಜಪಾನಿನ ತೊಕೊನಾಮೆಯಲ್ಲಿ ಜಗತ್ತಿನ ಟೈಲುಗಳ ಸಂಗ್ರಹವೇ ಇದೆ. ನಮ್ಮಲ್ಲಿ ಹಳೆಯ ಮನೆ ಕೆಡವುವಾಗ ಜೆಸಿಬಿ ಮೊದಲು ನುಗ್ಗುವುದು ಜಗಲಿಗೆ.

ನಿಮ್ಮ ಮನೆ ಅಥವಾ ನೆಂಟರ ಮನೆ ಕೆಡವುವ ಮಾತು ಬಂದಿದ್ದರೆ ಒಂದು ದಿನ ತಡೆಯಿರಿ. ಹಳೆಯ ಟೈಲು ಸುಣ್ಣದ ಗಾರೆಯಲ್ಲಿ ಕೂತಿದ್ದರೆ ಬಿಡಿಸುವುದು ಕಷ್ಟವಿಲ್ಲ. ನಡುವೆ ಹೊಡೆಯದೆ, ಅಂಚಿನ ಗಾರೆಯನ್ನು ಮೊದಲು ಕೆರೆದು, ತೆಳು ಉಳಿಯನ್ನು ಹಿಂದಿನಿಂದ ಮೆಲ್ಲಗೆ ತೂರಿಸಲು ಮೇಸ್ತ್ರಿಗೆ ಹೇಳಿ. ಬಿಡಿಸಿದ ಬಿಲ್ಲೆಯನ್ನು ನೀರಿನಲ್ಲಿ ನೆನೆಸಿ, ಬೆನ್ನು ತಿಕ್ಕಿ ನೋಡಿ. ಕಾರ್ಖಾನೆಯ ಗುರುತೋ, ಮೇಡ್ ಇನ್ ಜಪಾನ್ ಎಂಬ ಉಬ್ಬಕ್ಷರವೋ ಸಿಗಬಹುದು. ಹತ್ತು ಬಿಲ್ಲೆ ಉಳಿದರೂ ಸಾಕು, ಹೊಸ ಅಡುಗೆಮನೆಯ ಒಲೆಯ ಹಿಂದೆ ಒಂದು ಸಾಲು ಕೂರಿಸಬಹುದು.