ಪಟಪಟ ಮಿಠಾಯಿ, ಪಟಪಟ ಹಬ್ಬುವ ಸುದ್ದಿ

ಮಧ್ಯಾಹ್ನದ ಬಿಡುವು ಮುಗಿದು ಆರನೆಯ ತರಗತಿಗೆ ಕಾಲಿಟ್ಟಾಗ ಹಿಂದಿನ ಬೆಂಚಿನಿಂದ ಪಟಪಟ ಸದ್ದು ಕೇಳಿಸಿತು. "ಏನಪ್ಪಾ ಅದು?" ಎಂದೆ. ಹುಡುಗ ಬಾಯಿ ತೆರೆದು ತೋರಿಸಿದ. ನಾಲಿಗೆಯ ಮೇಲೆ ಕೆಂಪು ಹರಳುಗಳು ಸಿಡಿಯುತ್ತಿದ್ದವು. "ಪಟಪಟ ಚಾಕಲೇಟ್ರೀ ಸರ್, ನೀವೂ ತಗೋರಿ" ಎಂದು ಪೊಟ್ಟಣವನ್ನೇ ಚಾಚಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಅದೇ ವಾರ ಪಾಲಕರ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು. ಬಾಯಲ್ಲಿ ಸಿಡಿಯುವ, ಸ್ಟ್ರಾಬೆರಿ ವಾಸನೆಯ ಮಿಠಾಯಿಯ ರೂಪದಲ್ಲಿ ಶಾಲೆಗಳ ಮುಂದೆ ಮಾದಕ ವಸ್ತು ಹಂಚುತ್ತಿದ್ದಾರೆ, ಎಲ್ಲರಿಗೂ ಕಳಿಸಿರಿ ಎಂದಿತ್ತು. ನಮ್ಮ ಸುರೇಬಾನದಂಥ ಊರಲ್ಲಿ ಮಾತು ಹಬ್ಬಲು ಎಷ್ಟು ಹೊತ್ತು? ಮರುದಿನ ಶಾಲೆಯ ಎದುರಿನ ಡಬ್ಬಿ ಅಂಗಡಿಯ ಅಜ್ಜಿಯ ಬಳಿ ಒಂದು ಮಗುವೂ ಸುಳಿಯಲಿಲ್ಲ. "ನಾ ಏನ್ ತಪ್ಪು ಮಾಡೀನ್ರಿ ಮಾಸ್ತರ?" ಎಂದು ಆಕೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ವಿಚಾರಿಸತೊಡಗಿದೆ.

ಈ ಮಿಠಾಯಿಯ ಹುಟ್ಟು ಅಮೆರಿಕದಲ್ಲಿ. ಜನರಲ್ ಫುಡ್ಸ್ ಕಂಪನಿಯ ರಸಾಯನಶಾಸ್ತ್ರಜ್ಞ ವಿಲಿಯಂ ಮಿಚೆಲ್ 1956ರಲ್ಲಿ ಇದನ್ನು ಕಂಡುಹಿಡಿದರು. ಕುದಿಯುವ ಸಕ್ಕರೆ ಪಾಕಕ್ಕೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 40 ಪಟ್ಟು ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ತಣ್ಣಗಾಗಿಸುತ್ತಾರೆ. ಅನಿಲ ಸಣ್ಣ ಗುಳ್ಳೆಗಳಾಗಿ ಹರಳಿನೊಳಗೆ ಸೆರೆಯಾಗುತ್ತದೆ. ಬಾಯಿಯ ತೇವಕ್ಕೆ ಸಕ್ಕರೆ ಕರಗಿದಾಗ ಗುಳ್ಳೆ ಒಡೆದು ಪಟ್ ಎನ್ನುತ್ತದೆ. ಗೋಲಿ ಸೋಡಾದಲ್ಲಿ ಬುಸುಗುಡುವ ಅನಿಲವೂ ಇದೇ. ಒಂದು ಪೊಟ್ಟಣದಲ್ಲಿರುವುದು ಸೋಡಾಕ್ಕಿಂತ ತೀರ ಕಡಿಮೆ.

1970ರ ದಶಕದಲ್ಲಿ 'ಪಾಪ್ ರಾಕ್ಸ್' ಹೆಸರಿನಲ್ಲಿ ಇದು ಮಾರುಕಟ್ಟೆಗೆ ಬಂದು ಮಕ್ಕಳನ್ನು ಮರುಳು ಮಾಡಿತು. ಬೆನ್ನಿಗೇ ಒಂದು ಗಾಳಿಮಾತು ಎದ್ದಿತು. ಜಾಹೀರಾತೊಂದರಲ್ಲಿ 'ಮೈಕಿ' ಎಂಬ ಪಾತ್ರ ಮಾಡಿದ್ದ ಹುಡುಗ ಈ ಮಿಠಾಯಿ ತಿಂದು ಕೋಲಾ ಕುಡಿದು ಹೊಟ್ಟೆ ಒಡೆದು ಸತ್ತನಂತೆ! ಹುಡುಗ ಗಟ್ಟಿಮುಟ್ಟಾಗಿಯೇ ಇದ್ದ. ಕಂಪನಿ 1979ರಲ್ಲಿ 45 ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಶಾಲಾ ಮುಖ್ಯಸ್ಥರಿಗೆ ಸುಮಾರು 50,000 ಪತ್ರ ಬರೆಯಬೇಕಾಯಿತು. ಆದರೂ ಸುಳ್ಳು ಸಾಯಲಿಲ್ಲ. 1998ರಲ್ಲಿ 'ಅರ್ಬನ್ ಲೆಜೆಂಡ್' ಎಂಬ ಹಾಲಿವುಡ್ ಚಿತ್ರಕ್ಕೂ ಸೇರಿತು. 2003ರಲ್ಲಿ 'ಮಿತ್‌ಬಸ್ಟರ್ಸ್' ಎಂಬ ಟಿ.ವಿ. ಕಾರ್ಯಕ್ರಮದವರು ಪರೀಕ್ಷೆ ಮಾಡಿಯೇ ಅದು ಸುಳ್ಳೆಂದು ತೋರಿಸಿದರು.

ನಮ್ಮ ಗುಂಪಿಗೆ ಬಂದ ಸಂದೇಶವೂ ಹಳೆಯದೇ. 2007ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಮಕ್ಕಳಿಗೆ ಅಂಥ ಮಿಠಾಯಿ ಹಂಚಿದ್ದಕ್ಕೆ ಅಲ್ಲಿ ಆಧಾರ ಸಿಗಲಿಲ್ಲ. ಊರು ದೇಶ ಬದಲಿಸಿಕೊಂಡು ಅದು ಇಂದಿಗೂ ತಿರುಗುತ್ತಿದೆ.

ಹಾಗಾದರೆ ಭಯಪಡುವುದೇ ಬೇಡವೇ? ಬೇಕು, ಆದರೆ ನಿಜವಾದುದಕ್ಕೆ. ನಮ್ಮ ಸರಕಾರ 2024ರ ಮಾರ್ಚ್‌ನಲ್ಲಿ ಬಣ್ಣದ ಬಾಂಬೆ ಮಿಠಾಯಿಯನ್ನು ನಿಷೇಧಿಸಿತು. ಪರೀಕ್ಷಿಸಿದ 25 ಮಾದರಿಗಳಲ್ಲಿ 15 ಅಸುರಕ್ಷಿತವೆಂದು ಕಂಡುಬಂದಿದ್ದವು. ಅದೇ ವರ್ಷ ಬೆಂಗಳೂರಿನ ಮದುವೆ ಆರತಕ್ಷತೆಯೊಂದರಲ್ಲಿ ಹೊಗೆಯಾಡುವ ಪಾನ್ ತಿಂದ 12 ವರ್ಷದ ಹುಡುಗಿಯ ಹೊಟ್ಟೆಯಲ್ಲಿ ರಂಧ್ರವಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆ ಹೊಗೆ ದ್ರವ ಸಾರಜನಕದ್ದು, ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಚಳಿ ಅದರದು. ಅಮೆರಿಕದ ಹೊಟ್ಟೆ ಒಡೆದ ಕಥೆಯನ್ನು ನಂಬಿದ ನಾವು, ಹೊಗೆ ಬಿಡುವ ಬಿಸ್ಕತ್ತನ್ನು ಜಾತ್ರೆಗಳಲ್ಲಿ ಮಕ್ಕಳ ಬಾಯಿಗಿಟ್ಟು ಫೋಟೋ ತೆಗೆದೆವಲ್ಲ!

ತಾಯಂದಿರೇ, ಸಂದೇಶ ಮುಂದೂಡುವ ಮುನ್ನ ಎಲ್ಲಿ, ಯಾವಾಗ, ಯಾರು ಹೇಳಿದರು ಎಂದು ಕೇಳಿರಿ. ಪೊಟ್ಟಣದ ಮೇಲೆ ತಯಾರಕರ ಹೆಸರು, ದಿನಾಂಕ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇದೆಯೇ ನೋಡಿರಿ. ಇಲ್ಲದಿದ್ದರೆ ಕೊಳ್ಳಬೇಡಿರಿ. ಇದ್ದರೂ ಅದು ಸಕ್ಕರೆಯೇ, ಹಲ್ಲು ಉಜ್ಜಿಸಲು ಮರೆಯಬೇಡಿರಿ.

ನಮ್ಮೂರ ಬಳಿ ಶಬರಿಕೊಳ್ಳವಿದೆ. ಅತಿಥಿಗೆ ಕೊಡುವ ಮೊದಲು ಬೋರೆ ಹಣ್ಣನ್ನು ತಾನೇ ಕಚ್ಚಿ ನೋಡಿದ ಶಬರಿಯ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಹಣ್ಣಿಗಿರುವ ಆ ಎಚ್ಚರ ಮಾತಿಗೂ ಇರಲಿ. ಆ ಸಂಜೆ ಅಜ್ಜಿಯ ಅಂಗಡಿಗೆ ಹೋಗಿ ಪೊಟ್ಟಣದ ಹಿಂಬದಿ ಓದಿದೆ. ಎಲ್ಲ ಸರಿಯಾಗಿತ್ತು. ಒಂದನ್ನು ಕೊಂಡು ಪಾಲಕರ ಎದುರೇ ಬಾಯಿಗೆ ಹಾಕಿಕೊಂಡೆ. ಪಟಪಟ ಎಂದಿತು. ಅಜ್ಜಿ ಮೂರು ದಿನಗಳ ಬಳಿಕ ನಕ್ಕಳು.