ನನಗೊಬ್ಬ ಕುಡುಕ ಬೇಕು

1934ರ ಡಿಸೆಂಬರಿನಲ್ಲಿ ಆಸ್ಪತ್ರೆಯಿಂದ ಹೊರಬಿದ್ದ ಬಿಲ್ ವಿಲ್ಸನ್, ಮುಂದಿನ ಐದು ತಿಂಗಳು ನ್ಯೂಯಾರ್ಕಿನ ಕುಡುಕರ ಹಿಂದೆ ಬಿದ್ದರು. ಷೇರುಪೇಟೆಯಲ್ಲಿ ಹೆಸರು ಮಾಡಿ, ಕುಡಿತದಿಂದ ಎಲ್ಲ ಕಳೆದುಕೊಂಡು, ಕೊನೆಗೂ ಬಿಟ್ಟವರು ಅವರು. ಕುಡಿದು ಕಂಗೆಟ್ಟವರು ಎಲ್ಲಿದ್ದಾರೋ ಅಲ್ಲಿಗೆ ಹೋದರು, ಕೆಲವರನ್ನು ಮನೆಗೂ ಕರೆತಂದರು. ಒಬ್ಬರೂ ಬಿಡಲಿಲ್ಲ. ಹತಾಶರಾಗಿ ಹೆಂಡತಿ ಲೋಯಿಸ್ ಹತ್ತಿರ ಹೇಳಿಕೊಂಡಾಗ, ನೀವಂತೂ ಕುಡಿದಿಲ್ಲವಲ್ಲ ಎಂದರಂತೆ ಆಕೆ. ಇಡೀ ಆವಿಷ್ಕಾರ ಆ ಮಾತಿನಲ್ಲೇ ಇತ್ತು. ಅದು ಬಿಲ್‌ಗೆ ತಿಳಿದದ್ದು ಮಾತ್ರ ಪರವೂರಿನಲ್ಲಿ.

ಹೊರಡುವ ಮುಂಚೆ, ಅವರಿಗೆ ಚಿಕಿತ್ಸೆ ಕೊಟ್ಟಿದ್ದ ಡಾ. ವಿಲಿಯಂ ಸಿಲ್ಕ್‌ವರ್ತ್ ಒಂದು ತಪ್ಪು ತಿದ್ದಿದ್ದರು. ಬಿಲ್ ಎಲ್ಲರಿಗೂ ಆಸ್ಪತ್ರೆಯಲ್ಲಿ ತಮಗಾದ ದೈವಾನುಭವವನ್ನೇ ಸಾರುತ್ತಿದ್ದರು. ಪ್ರವಚನ ಬಿಡಿ, ಮೊದಲು ಕಾಯಿಲೆಯ ವಿಷಯ ಮಾತಾಡಿ ಎಂದರು ಡಾಕ್ಟರು. ಒಂದು ಗುಟುಕು ಒಳಗೆ ಹೋದರೆ ದೇಹ ಇನ್ನಷ್ಟು ಬೇಡುತ್ತದೆ. ಬಿಟ್ಟು ಕೂತರೆ ಮನಸ್ಸು ಆ ಮೊದಲ ಗುಟುಕಿಗೇ ಹಾತೊರೆಯುತ್ತದೆ. ಇದು ಸಿಲ್ಕ್‌ವರ್ತ್ ಕಂಡುಕೊಂಡಿದ್ದ ರೋಗದ ಸ್ವರೂಪ.

1935ರ ಮೇ ತಿಂಗಳಲ್ಲಿ ಬಿಲ್ ಓಹಾಯೋ ರಾಜ್ಯದ ಆಕ್ರನ್‌ಗೆ ಹೋದರು. ಒಂದು ಕಂಪನಿಯ ಆಡಳಿತ ಹಿಡಿಯುವ ವ್ಯವಹಾರ, ಅದು ಕೈಕೊಟ್ಟಿತು. ಮೇ 11ರ ಶನಿವಾರ ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ಅವರು ಒಬ್ಬರೇ. ಒಂದು ಕೊನೆಯಲ್ಲಿ ಬಾರು, ಒಳಗಿಂದ ನಗು, ಗ್ಲಾಸುಗಳ ಸದ್ದು. ಇನ್ನೊಂದು ಕೊನೆಯಲ್ಲಿ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ. ಸುಮ್ಮನೆ ಒಂದು ಸೋಡಾ ಕುಡಿದು, ನಾಲ್ಕು ಜನರ ಜೊತೆ ಮಾತಾಡಿ ಬಂದರೇನು ಎಂದಿತು ಮನಸ್ಸು. ಆಗ ಅವರಿಗೆ ದಿಗಿಲಾಯಿತು. ಇಷ್ಟು ದಿನ ತಾನು ಬಚಾವಾಗಿದ್ದು ಇನ್ನೊಬ್ಬ ಕುಡುಕನ ಜೊತೆ ಮಾತಾಡುತ್ತಿದ್ದುದರಿಂದ ಎಂಬುದು ಹೊಳೆದದ್ದೂ ಆಗಲೇ.

ಪಟ್ಟಿಯಲ್ಲಿದ್ದ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಫೋನು ಮಾಡಿದರು. ಪಾದ್ರಿ ಕೊಟ್ಟ ಹೆಸರುಗಳನ್ನು ಹಿಡಿದು ಒಬ್ಬರಾದ ಮೇಲೊಬ್ಬರನ್ನು ವಿಚಾರಿಸಿ, ಕೊನೆಗೆ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ತಲುಪಿದರು. ನಾನು ನ್ಯೂಯಾರ್ಕಿನ ಕುಡುಕ, ನನಗೊಬ್ಬ ಕುಡುಕನ ಜೊತೆ ಮಾತಾಡಬೇಕಿದೆ ಎಂಬರ್ಥದ ಕೋರಿಕೆ. ಯಾವ ಹೆಂಗಸಾದರೂ ಫೋನು ಇಟ್ಟುಬಿಡುವ ಮಾತು. ಆಕೆ ಇಡಲಿಲ್ಲ. ಅವರ ಗೆಳೆಯರ ಬಳಗದಲ್ಲೇ ಒಬ್ಬರು ಕುಡಿತದಿಂದ ಹಾಳಾಗುತ್ತಿದ್ದರು: ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್, ಬಳಕೆಯಲ್ಲಿ ಡಾಕ್ಟರ್ ಬಾಬ್.

ಮರುದಿನ ಸಂಜೆ ಐದಕ್ಕೆ ಡಾಕ್ಟರ್ ಬಾಬ್ ಹೆನ್ರಿಯೆಟಾ ಮನೆಗೆ ಬಂದರು, ಹೆಂಡತಿ ಆ್ಯನ್ ಒತ್ತಾಯಕ್ಕೆ. ಹಿಂದಿನ ದಿನದ ಕುಡಿತ ಇಳಿದು ಕೈ ನಡುಗುತ್ತಿತ್ತು. ಹದಿನೈದೇ ನಿಮಿಷ ಎಂಬ ಕರಾರು. ಇಬ್ಬರೇ ಒಂದು ಕೋಣೆಯಲ್ಲಿ ಕೂತರು. ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಬಿಲ್ ಬುದ್ಧಿ ಹೇಳಲಿಲ್ಲ. ತಾವು ಕುಡಿದದ್ದು, ಬಚ್ಚಿಟ್ಟದ್ದು, ಬಿಡುತ್ತೇನೆಂದು ಆಣೆಯಿಟ್ಟು ಮುರಿದದ್ದು, ಅಷ್ಟನ್ನೇ ಹೇಳಿದರು. ನಿಮ್ಮನ್ನು ಉದ್ಧಾರ ಮಾಡಲು ಬಂದಿಲ್ಲ, ನಾನು ಉಳಿಯಬೇಕೆಂದು ಬಂದಿದ್ದೇನೆ ಎಂದೂ ಹೇಳಿದರು. ಬಾಬ್ ಸ್ವತಃ ವೈದ್ಯರು. ಮದ್ಯದ ಬಗ್ಗೆ ಓದಿದ್ದರು, ಪ್ರಾರ್ಥನಾ ಸಭೆಗಳಿಗೂ ಎರಡು ವರ್ಷದಿಂದ ಹೋಗುತ್ತಿದ್ದರು. ಆದರೆ ತನ್ನ ಬೇನೆಯನ್ನು ತಾನೇ ಉಂಡು ಬಲ್ಲವನ ಬಾಯಿಂದ ಕೇಳಿದ್ದು ಅದೇ ಮೊದಲು.

ಅಲ್ಲಿಗೆ ಸುಖಾಂತ್ಯವಾಗಲಿಲ್ಲ. ಕೆಲವು ವಾರಗಳಲ್ಲೇ ಅಟ್ಲಾಂಟಿಕ್ ಸಿಟಿಯ ವೈದ್ಯರ ಸಮ್ಮೇಳನಕ್ಕೆ ಹೋದ ಬಾಬ್ ಮತ್ತೆ ಮುಳುಗುವಷ್ಟು ಕುಡಿದು ಮರಳಿದರು. ಅವರೇ ಮಾಡಬೇಕಾದ ಒಂದು ಆಪರೇಷನ್ ಬೇರೆ ನಿಗದಿಯಾಗಿತ್ತು. ಆ ಬೆಳಿಗ್ಗೆ ಕೈ ನಡುಕ ನಿಲ್ಲಲೆಂದು ಬಿಲ್ಲೇ ಅವರಿಗೆ ಒಂದು ಬಿಯರ್ ಕೊಟ್ಟರು. ಅದು ಬಾಬ್ ಕುಡಿದ ಕೊನೆಯ ಮದ್ಯ. ಜೂನ್ 10ನ್ನೇ ಇವರಿಬ್ಬರಿಂದ ಮುಂದೆ ಬೆಳೆದ ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.) ಸಂಸ್ಥೆ ತನ್ನ ಹುಟ್ಟಿದ ದಿನವೆಂದು ಆಚರಿಸುತ್ತದೆ. (ಆ ಬಿಯರ್ ಯಾರಿಗೂ ಮಾದರಿಯಲ್ಲ. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಮೊದಲು ವೈದ್ಯರ ಹತ್ತಿರ ಹೋಗಲೇಬೇಕು, ಅದಕ್ಕೆ ಔಷಧಿಯಿದೆ.)

ಇಬ್ಬರ ವಿಷಯದಲ್ಲಿ ಆದದ್ದು ಆಕಸ್ಮಿಕವೂ ಇರಬಹುದಿತ್ತು. ಹಾಗಾಗಿ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಮೂರನೆಯವರು. ಅದೇ ತಿಂಗಳ ಕೊನೆಯಲ್ಲಿ ಆಕ್ರನ್ ಸಿಟಿ ಆಸ್ಪತ್ರೆಯ ಮಂಚದ ಪಕ್ಕ ಬಿಲ್, ಬಾಬ್ ಇಬ್ಬರೂ ಕೂತರು. ಮಲಗಿದ್ದವರು ಒಬ್ಬ ವಕೀಲರು. ಕುಡಿತಕ್ಕಾಗಿ ಪದೇ ಪದೇ ದಾಖಲಾಗಿ, ನರ್ಸುಗಳ ಮೇಲೂ ಕೈಮಾಡಿದ್ದವರು. ನನ್ನದು ಕೈಮೀರಿದ ಕೇಸು ಎಂಬುದು ಅವರ ಮಾತು. ಇವರಿಬ್ಬರೂ ತಂತಮ್ಮ ಕತೆ ಹೇಳಿದರು. ಕೆಲವೇ ದಿನದಲ್ಲಿ ವಕೀಲರು ಹೆಂಡತಿಯ ಜೊತೆ ನಡೆದು ಮನೆಗೆ ಹೋದರು, ಮತ್ತೆಂದೂ ಕುಡಿಯಲಿಲ್ಲ. ವಿಧಾನ ಒಬ್ಬರಿಂದ ಒಬ್ಬರಿಗೆ ದಾಟಬಲ್ಲದು ಎಂದು ಖಾತ್ರಿಯಾದದ್ದು ಆಗ.

ಎಲ್ಲರಿಗೂ ಇದೇ ಮದ್ದು ಎಂದು ನಾನು ಹೇಳಲಾರೆ. ಆದರೆ ನಂಬಿಕೆಯ ಮಾತೆಂದು ತಳ್ಳಿಹಾಕುವ ಕಾಲವೂ ಹೋಯಿತು. 27 ಅಧ್ಯಯನಗಳನ್ನು ಪರಿಶೀಲಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2020ರ ವರದಿ, ಜನರನ್ನು ಎ.ಎ. ಸಭೆಗಳಿಗೆ ಕ್ರಮಬದ್ಧವಾಗಿ ಸೇರಿಸುವ ಚಿಕಿತ್ಸೆಯಿಂದ ಪೂರ್ತಿ ಕುಡಿತ ಬಿಟ್ಟು ಉಳಿಯುವವರು ಬೇರೆ ಪ್ರಚಲಿತ ಚಿಕಿತ್ಸೆಗಳಿಗಿಂತ ಹೆಚ್ಚು ಎಂದಿದೆ.

ಇವತ್ತು ಬಿಲ್‌ನಂತೆ ಪಾದ್ರಿಗಳ ಪಟ್ಟಿ ಹಿಡಿದು ಹುಡುಕಬೇಕಿಲ್ಲ. ಬೆಂಗಳೂರು, ಮಂಗಳೂರುಗಳಲ್ಲಿ ಎ.ಎ. ಸಭೆಗಳಿವೆ. ಪ್ರವೇಶ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಮೊದಲ ದಿನ ಬಾಯಿ ಬಿಡದೆ ಕೂತು ಬಂದರೂ ಸರಿ. ‘ಓಪನ್’ ಸಭೆಯಾದರೆ ಹೆಂಡತಿಯೋ ಅಣ್ಣನೋ ಜೊತೆಗೆ ಬರಬಹುದು. ‘ಕ್ಲೋಸ್ಡ್’ ಆದರೆ ಕುಡಿತ ಬಿಡಬೇಕೆಂಬ ಆಸೆಯಿರುವವರು ಮಾತ್ರ. ಧರ್ಮಸ್ಥಳದ ಜನಜಾಗೃತಿ ವೇದಿಕೆಯದು ಬೇರೆಯೇ ದಾರಿ. ಆದರೂ ಅಲ್ಲಿ ಮದ್ಯವರ್ಜನ ಶಿಬಿರ ಮುಗಿಸಿದವರನ್ನು ಊರೂರಿನ ನವಜೀವನ ಸಮಿತಿಗಳಿಗೆ ಸೇರಿಸುತ್ತಾರೆ. ಅಲ್ಲಿ ಅವರ ಪಕ್ಕದಲ್ಲಿ ಕೂರುವವರೂ ಕುಡಿದು ಬಿಟ್ಟವರೇ.