ಮಕ್ಕಳ ರಾತ್ರಿ ಉಡುಪು ಸಡಿಲ ಬೇಡ

ಮಲಗುವ ಮುಂಚೆ ಮನೆಯ ಬೆಂಕಿ ಆರಿಸಬೇಕೆಂದು ಪ್ರವಾದಿ(ಸ.ಅ.) ಕಲಿಸಿದ್ದಾರೆ. ಮದ್ರಸದಲ್ಲಿ ನಾವು ಮಕ್ಕಳಿಗೆ ಇದನ್ನು ಹೇಳಿಕೊಡುತ್ತೇವೆ. ಆದರೆ ಅದೇ ಮಕ್ಕಳು ತೊಟ್ಟು ಮಲಗುವ ಬಟ್ಟೆಯನ್ನು ಗಮನಿಸಿದ್ದೇವೆಯೇ?

ಅಮೆರಿಕದಲ್ಲಿ ಇದಕ್ಕೆ 1970ರ ದಶಕದಿಂದಲೇ ನಿಯಮವಿದೆ. ಈಗಿನ ನಿಯಮದಂತೆ 9 ತಿಂಗಳ ಅಳತೆಗಿಂತ ದೊಡ್ಡದಾದ ಮಕ್ಕಳ ರಾತ್ರಿ ಉಡುಪು ಒಂದೋ ಬೆಂಕಿ ಪರೀಕ್ಷೆಯಲ್ಲಿ ಪಾಸಾಗಬೇಕು, ಇಲ್ಲವೇ ಮೈಗೆ ಬಿಗಿಯಾಗಿರಬೇಕು. ಎರಡೂ ಅಲ್ಲದ ನೈಟಿ, ಗೌನುಗಳನ್ನು ಮಾರಾಟವಾದ ಮೇಲೂ, ಯಾರಿಗೂ ಸುಟ್ಟಗಾಯ ಆಗದಿದ್ದರೂ, ವಾಪಸ್ ಪಡೆಯಲಾಗುತ್ತದೆ. ಕೊಂಡವರಿಗೆ ಸಾಮಾನ್ಯವಾಗಿ ಹಣ ಮರಳುತ್ತದೆ.

ಕಾರಣ ಸರಳ. ಸಡಿಲ ಬಟ್ಟೆ ಒಲೆಗೆ, ಮೇಣದ ಬತ್ತಿಗೆ ಬೇಗ ತಾಗುತ್ತದೆ. ಒಳಗೆ ಗಾಳಿಯಾಡುವುದರಿಂದ ಬೆಂಕಿ ಸರ್ರನೆ ಏರುತ್ತದೆ. ನಮ್ಮ ಉಮ್ಮಂದಿರು 'ಇನ್ನೆರಡು ವರ್ಷ ಬರಲಿ' ಅಂತ ದೊಡ್ಡ ಸೈಜು ತೆಗೆಯುವುದುಂಟು. ಪೆರ್ನಾಲ್ ಬಟ್ಟೆಗೆ ಆದೀತು, ಮಲಗುವ ಬಟ್ಟೆಗೆ ಬೇಡ.

ಅಮೆರಿಕದಿಂದ ಬಂಧುಗಳು ತಂದ ಬಟ್ಟೆಯಾದರೆ ಅದರ ಚೀಟಿ ಓದಿಸಿ. ಬಿಗಿಯಾಗಿ ತೊಡಿಸಬೇಕು ಎಂದಿದ್ದರೆ ಆ ಬಟ್ಟೆ ಬೆಂಕಿ ತಡೆಯುವುದಿಲ್ಲ ಎಂದರ್ಥ. ವಾಪಸ್ ಪಡೆದ ಬಟ್ಟೆಯೆಂದು ಗೊತ್ತಾದರೆ ಮಗುವಿಗೆ ತೊಡಿಸಬೇಡಿ. ಸದಕ ಎಂದು ಬಡವರಿಗೂ ಕೊಡಬೇಡಿ. ನಮ್ಮ ಮಗುವಿಗೆ ಆಗದ್ದು ಇನ್ನೊಬ್ಬರ ಮಗುವಿಗೂ ಆಗದು.